ಜೋಡಿಯಾಗಿ ಕಲ್ಲು ಜಾರಿಸಿದ್ದು

ಹಾವೇರಿ ಜಿಲ್ಲೆಗೆ ಕರ್ಲಿಂಗ್ ಎಂಬ ಹಿಮದ ಆಟವನ್ನು ತಂದೇ ತರುತ್ತೇನೆ ಎಂದು ನಾನು ಶಪಥ ಮಾಡಿದ್ದು ಎರಡು ಸಾವಿರದ ಆರನೇ ಇಸವಿಯ ಮಾರ್ಚ್ ತಿಂಗಳಲ್ಲಿ. ಫ್ಯಾನು ಐದರಲ್ಲಿಟ್ಟರೂ ಬೆನ್ನಿನ ಬೆವರು ಆರದ ಒಂದು ರವಿವಾರ ಮಧ್ಯಾಹ್ನ! ಭಗೀರಥ ಒಬ್ಬನೇ ಗಂಗೆಯನ್ನು ಇಳಿಸಿದ. ನಾನು ಒಂದಿಷ್ಟು ಐಸು ತರಲಾರೆನೇ?

ನನ್ನ ಹೆಸರು ಯುವರಾಜ. ವಯಸ್ಸು ನಲವತ್ತೊಂದು, ಪಟ್ಟಾಭಿಷೇಕದ ಸುಳಿವು ಇನ್ನೂ ಇಲ್ಲ. ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕ್ಲಾರ್ಕ್. ಹಲಗೇರಿ ರಸ್ತೆಯಲ್ಲಿ ಬಾಡಿಗೆ ಮನೆ. ಹೆಂಡತಿ ನಾಗರತ್ನಾ. ಅವಳಿಗೆ ಮೂರು ವರ್ಷವಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಸೋತವು. ಈಗ ಗಾಲಿಕುರ್ಚಿಯೇ ಅವಳ ಸವಾರಿ. ಮನೆಯ ಮುಂದಿನ ಕೋಣೆಯಲ್ಲಿ ಅವಳದೇ ಎಸ್‌ಟಿಡಿ ಬೂತು. ಮಾತಿನಲ್ಲಾಗಲಿ ಕೇರಂನಲ್ಲಾಗಲಿ ಅವಳನ್ನು ಸೋಲಿಸಿದವರು ನಮ್ಮ ಓಣಿಯಲ್ಲಿ ಹುಟ್ಟಿಲ್ಲ. ಎರಡರಲ್ಲೂ ದಿನಾ ಸೋಲುವ ಭಾಗ್ಯ ಮಾತ್ರ ನನಗೊಬ್ಬನಿಗೇ!

ಆ ರವಿವಾರ ನಾನು ಟಿವಿಯಲ್ಲಿ ಕ್ರಿಕೆಟ್ ಹುಡುಕುತ್ತಿದ್ದೆ. ಯಾವುದೋ ಚಾನೆಲ್ಲಿನಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತ ನಾಲ್ಕೈದು ಜನ ಬೆಳ್ಳಗಿನ ಐಸಿನ ಮೇಲೆ ಕಾಣಿಸಿಕೊಂಡರು. ಕೈಯಲ್ಲಿ ಉದ್ದನೆಯ ಕೋಲು. ಆ ಕೋಲಿನಿಂದ ಒಂದು ಗುಂಡುಕಲ್ಲನ್ನು ಮೆಲ್ಲಗೆ ದೂಡುತ್ತಾರೆ. ಅದು ಜಾರುತ್ತಾ ಜಾರುತ್ತಾ ಹೋಗಿ, ದೂರದಲ್ಲಿ ಬರೆದ ದೊಡ್ಡ ವರ್ತುಲದೊಳಗೆ ನಿಲ್ಲುತ್ತದೆ. ಯಾರ ಕಲ್ಲು ನಟ್ಟನಡುವಿಗೆ ಎಲ್ಲಕ್ಕಿಂತ ಹತ್ತಿರ ಇರುತ್ತದೋ ಅವರು ಗೆದ್ದಂತೆ.

ನಾನು ಚಾನೆಲ್ ಬದಲಿಸಲು ಹೊರಟೆ.

"ಇರ್ರಿ, ಬದಲಿ ಮಾಡಬ್ಯಾಡ್ರಿ!" ಅಂದಳು ನಾಗರತ್ನಾ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದ್ದಳು. "ಬೀಸೂಕಲ್ಲಿಗೆ ಹಿಡಿಕಿ ಹಚ್ಚಿ ಆಟ ಮಾಡ್ಯಾರಲ್ರಿ!"

"ಏ ನಾಗೂ, ಅದು ಜಾಗತಿಕ ಕ್ರೀಡಾಕೂಟ!"

"ಜಾಗತಿಕ ಇರಲಿ, ಏನರ ಇರಲಿ. ಇದು ಕೇರಂ ಅಲ್ಲೇನ್ರಿ? ಬೋರ್ಡ್ ಅಷ್ಟ ದೊಡ್ಡದೈತಿ."

ಅರ್ಧ ತಾಸು ಅವಳು ಕಣ್ಣು ಕೀಳಲಿಲ್ಲ. ಅಕ್ಕಿಯ ಮೊರಕ್ಕೆ ಗುಬ್ಬಿ ಬಂದು ಊಟ ಮಾಡಿ ಹೋಯಿತು, ಅವಳಿಗೆ ಗೊತ್ತಾಗಲಿಲ್ಲ.

ಅದಕ್ಕೆ ಕಾರಣವಿತ್ತು. ಪ್ರತಿ ವರ್ಷ ಮೇ ತಿಂಗಳಲ್ಲಿ ಹಾವೇರಿಯಲ್ಲಿ ಅಂಗವಿಕಲರ ಸಂಘವೊಂದು ಆಟೋಟ ನಡೆಸುತ್ತದೆ. ಹಿಂದಿನ ವರ್ಷ ನಾಗರತ್ನಾ ಹೊಸ ಸೀರೆ ಉಟ್ಟು ಹೋಗಿದ್ದಳು. ಗಾಲಿಕುರ್ಚಿಯವರಿಗೆ ಅಲ್ಲಿ ಇದ್ದ ಆಟ ಒಂದೇ: ಸಾಲಾಗಿ ಕುಂತು, ಉಳಿದವರು ಓಡುವುದನ್ನು ನೋಡಿ ಚಪ್ಪಾಳೆ ತಟ್ಟುವುದು! ಕೊನೆಗೆ ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿ. "ಆಡದವರಿಗೆ ಬಹುಮಾನ ಯಾಕ್ರಿ?" ಎಂದು ಕೇಳಿ, ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು ಬಂದಿದ್ದಳು. ದಾರಿಯುದ್ದಕ್ಕೂ ಮಾತಾಡಿರಲಿಲ್ಲ. ನಾಗರತ್ನಾ ಮಾತಾಡದೆ ಇರುವುದು ನಮ್ಮ ಮನೆಯಲ್ಲಿ ಚಂಡಮಾರುತಕ್ಕಿಂತ ಗಂಭೀರ ಸಂಗತಿ.

ಆದ್ದರಿಂದ ನಾನು ಎದ್ದು ನಿಂತು ಘೋಷಿಸಿದೆ: "ಈ ಸಲ ಹಾವೇರಿಯೊಳಗ ನಾವಿಬ್ಬರೂ ಇದನ್ನ ಆಡೋಣ!"

"ಟಿವಿಯೊಳಗ ನಾಲ್ಕು ಮಂದಿ ಅದಾರ."

"ನಮ್ಮ ಮನಿಯಾಗ ಇಬ್ಬರ ಇದ್ದೇವಿ. ಅದಕ್ಕ ಇದು ಜೋಡಿ ಆಟ! ಒಬ್ಬರು ಕುಂತು, ಒಬ್ಬರು ನಿಂತು. ನೀ ಕುಂತು ದೂಡು, ನಾ ನಿಂತು ದೂಡ್ತೇನಿ. ಕ್ಯಾಪ್ಟನ್ ಮಾತ್ರ ನಾನ!"

"ಯಾಕ? ನೀವ್ ಯಾಕ ಕ್ಯಾಪ್ಟನ್?"

"ಎತ್ತರ ಇರೋರ ಕ್ಯಾಪ್ಟನ್ ಆಗೋದು."

ಮರುದಿನವೇ ಅವಳ ಬೂತಿನಿಂದಲೇ ಹಾವೇರಿಗೆ ಫೋನ್ ಹಚ್ಚಿ ಸಂಘದ ಕಾರ್ಯದರ್ಶಿಗೆ ಆಟವನ್ನು ವಿವರಿಸಿದೆ. ಅವರಿಗೂ ಉಮೇದು ಬಂತು. "ಪ್ರದರ್ಶನ ಪಂದ್ಯ ಇಡೋಣ್ರಿ. ಎದುರಿಗೆ ಇನ್ನೊಂದು ಜೋಡಿ ಹುಡುಕ್ರಿ. ಆದ್ರ ಐಸ್ ಎಲ್ಲಿಂದ ತರ್ತೀರಿ?"

"ಅದನ್ನ ನನಗ ಬಿಡ್ರಿ!" ಅಂದೆ.

ನಾಗರತ್ನಾ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಹೇಳಿದೆನಲ್ಲ, ಅದು ಗಂಭೀರ ಸಂಗತಿ.

ಐಸು ಸಿಗುವ ತನಕ ಮನೆಯಲ್ಲೇ ತಾಲೀಮು ಎಂದು ನಿರ್ಧರಿಸಿದೆ. ಕಲ್ಲು ಬೇಕಲ್ಲ? ನಮ್ಮ ಮನೆಯ ಒಡತಿ ಶೇಖವ್ವ ಹಿಂದಿನ ಭಾಗದಲ್ಲಿ ಇರುತ್ತಾಳೆ. ಎಪ್ಪತ್ತು ವರ್ಷದ ಮುದುಕಿ, ಧ್ವನಿಗೆ ಮಾತ್ರ ಇಪ್ಪತ್ತು. ಆಕೆಯ ಬೀಸೂಕಲ್ಲಿನ ಮೇಲಿನ ಹೋಳನ್ನು ಎರವಲು ಕೇಳಿದೆ. ಗುಂಡಗೆ, ಭಾರವಾಗಿ, ಮೇಲೊಂದು ಕಟ್ಟಿಗೆಯ ಹಿಡಿಕೆ. ಸಾಕ್ಷಾತ್ ಕರ್ಲಿಂಗ್ ಕಲ್ಲೇ!

"ಯದಕ್ಕೋ?"

"ವ್ಯಾಯಾಮಕ್ಕ, ಯವ್ವಾ."

"ಮೊದಲ ಹೊಟ್ಟಿ ಕರಗಿಸು, ಆಮ್ಯಾಗ ಕಲ್ಲ ಎತ್ತು," ಅಂದು ಕೊಟ್ಟಳು.

ನಮ್ಮ ಪಡಸಾಲೆಗೆ ನುಣ್ಣನೆಯ ಕಡಪಾ ಕಲ್ಲು ಹಾಸಿದೆ. ನಾಗರತ್ನಾಳ ಕುರ್ಚಿ ಸಲೀಸಾಗಿ ಓಡಾಡಲೆಂದು ಶೇಖವ್ವನನ್ನು ಕಾಡಿ ಬೇಡಿ ಮನೆಯ ಹೊಸ್ತಿಲುಗಳನ್ನೆಲ್ಲ ತೆಗೆಸಿದ್ದೆವು. ಅಡುಗೆಮನೆಯಿಂದ ಬೂತಿನ ತನಕ ಒಂದೇ ಸಪಾಟು ನೆಲ. ಅದರ ಮೇಲೆ ನಾನು ಸಾಬೂನು ಪುಡಿ ಕಲಸಿದ ಒಂದು ಬಕೆಟ್ ನೀರು ಸುರಿದೆ.

"ರೀ, ಬೂತಿನ್ಯಾಗ ಗಿರಾಕಿ ಅದಾರ್ರಿ," ಅಂದಳು ನಾಗರತ್ನಾ ಬಾಗಿಲ ಪಕ್ಕದಿಂದ.

"ಕಲ್ಲು ಅಲ್ಲೀ ತನಕ ಹೋಗೂದಿಲ್ಲ ಬಿಡು. ಒಂದ ಲೆಕ್ಕ ಇರತೈತಿ!"

ಕೋಲಿಲ್ಲದ ಕಾರಣ ಒಂದು ಮೊಣಕಾಲು ಊರಿ, ಎದೆ ಬಾಗಿಸಿ, ಹಿಡಿಕೆ ಹಿಡಿದು, ಕುಲದೇವರನ್ನು ನೆನೆದು ಕಲ್ಲನ್ನು ದೂಡಿದೆ. ಕಲ್ಲು ಹೊರಟಿತು. ಹಿಡಿಕೆ ಬಿಡಬೇಕು ಅನ್ನುವುದು ಮಾತ್ರ ನನ್ನ ನೆನಪಿಗೆ ಬರಲಿಲ್ಲ! ಕಲ್ಲು ಮುಂದೆ, ನಾನು ಹಿಂದೆ, ಹೊಟ್ಟೆಯ ಮೇಲೆ, ಮೊಸಳೆಯಂತೆ! ಪಡಸಾಲೆ ದಾಟಿದೆವು. ನಾಗರತ್ನಾ ಕುರ್ಚಿಯನ್ನು ಸರ್ರನೆ ಪಕ್ಕಕ್ಕೆ ಎಳೆದುಕೊಂಡಳು. ಬೂತಿನ ಪ್ಲೈವುಡ್ ಗೋಡೆಗೆ ಮೊದಲು ಕಲ್ಲು, ಆಮೇಲೆ ನನ್ನ ತಲೆ. ಢಂ! ಢಂ!

ಒಳಗೆ ಹಲಗೇರಿಯ ಹನುಮಪ್ಪ ಕರ್ಜಗಿಯ ತನ್ನ ತಂಗಿಯ ಜೊತೆ ಮಾತಾಡುತ್ತಿದ್ದ. ಪೆಟ್ಟಿಗೆಯಂಥ ಬೂತು ನಡುಗಿತು. ಮೇಲಿನ ಫ್ಯಾನು ಅವನ ರುಮಾಲಿನ ಮೇಲೆ ಬಿತ್ತು.

"ಯವ್ವಾ, ಭೂಕಂಪ! ರಾಣೇಬೆನ್ನೂರಾಗ ಭೂಕಂಪ ಆತವ್ವಾ!" ಎಂದು ಅವನು ಚೀರಿದ. ಅಷ್ಟರಲ್ಲಿ ವಾಯರು ಕಿತ್ತು ಲೈನು ಸತ್ತಿತು.

ಅವನನ್ನು ಹೊರಗೆ ಕೂರಿಸಿ, ನೀರು ಕುಡಿಸಿ, ಕ್ಷಮೆ ಕೇಳಿ ಕಳಿಸಿದೆವು. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ! ಸಂಜೆ ಐದಕ್ಕೆ ಕರ್ಜಗಿಯಿಂದ ಹನುಮಪ್ಪನ ತಂಗಿ, ಆಕೆಯ ಗಂಡ, ಭಾವಂದಿರು, ಒಟ್ಟು ಒಂಬತ್ತು ಮಂದಿ, ರೊಟ್ಟಿ ಗಂಟು, ಎರಡು ಗುದ್ದಲಿ ಸಹಿತ ಬಂದಿಳಿದರು. "ಎಲ್ಲಿ ಅದಾನ ನಮ್ಮಣ್ಣ? ಯಾವ ಕಲ್ಲಿನ ಕೆಳಗ ಅದಾನ?" ಎಂದು ಆಕೆ ಬೂತಿನ ಮುಂದೆ ಕುಂತು ಅಳತೊಡಗಿದಳು. ಅಣ್ಣ ಆಗಲೇ ಮನೆ ಮುಟ್ಟಿ ಎಮ್ಮೆಗೆ ಮೇವು ಹಾಕುತ್ತಿರಬೇಕು ಎಂದು ನಂಬಿಸಲು ಒಂದು ತಾಸು ಹಿಡಿಯಿತು. ಆ ಒಂಬತ್ತು ಮಂದಿಗೆ ನಾಗರತ್ನಾ ಚಹಾ ಮಾಡಿದಳು. ಅವರು ಸಮಾಧಾನಕ್ಕೆ ನಮಗೇ ರೊಟ್ಟಿ ಕೊಟ್ಟು ಹೋದರು. ಗದ್ದಲ ಕೇಳಿ ಬಂದ ಶೇಖವ್ವ ತನ್ನ ಕಲ್ಲಿನ ಅಂಚು ಒಡೆದದ್ದನ್ನು ನೋಡಿದಳು. ಆಕೆ ಅಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಂದಿನಿಂದ ಆಕೆಯ ಜೋಳವನ್ನು ಗಿರಣಿಗೆ ಹೊತ್ತು, ಹಿಟ್ಟು ಮಾಡಿಸಿ ತರುವುದು ನನ್ನ ಪಾಲಿಗೆ ಬಂತು. ವ್ಯಾಯಾಮಕ್ಕೆ ಕೇಳಿದ್ದೆನಲ್ಲ!

ಹಣೆಯ ಬುಗುಟಿಗೆ ನಾಗರತ್ನಾ ಅರಿಶಿಣ ಹಚ್ಚುತ್ತಾ ಅಂದಳು: "ಸಾಬೂನು ಯಾಕ್ರಿ? ಕೇರಂ ಬೋರ್ಡಿಗೆ ನಾ ಏನ್ ಹಾಕ್ತೀನಿ? ಪೌಡರ್. ಒಣ ನೆಲ, ಒಂದ ಚಿಟಿಕಿ ಪೌಡರ್. ಕಲ್ಲು ತಾನ ಹೋಗತೈತಿ."

"ಹಿಮದ ಆಟಕ್ಕ ಪೌಡರ್? ಮರ್ಯಾದಿ ಏನ್ ಉಳೀತೈತಿ? ನನಗ ಥಂಡಿ ಬೇಕು, ನಾಗೂ, ಥಂಡಿ!"

ಥಂಡಿ ಎಂದೊಡನೆ ನೆನಪಾದವನು ಮಕ್ತುಮಸಾಬ. ನನ್ನ ಶಾಲೆಯ ಗೆಳೆಯ. ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಲಾರಿ ಅಪಘಾತದಲ್ಲಿ ಬಲಗಾಲು ಮೊಣಕಾಲಿನ ಕೆಳಗೆ ಹೋಗಿ, ಊರುಗೋಲಿನ ಮೇಲೆ ನಡೆಯುತ್ತಾನೆ. ಹೆಂಡತಿ ತಾಜಬಿ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಾಳೆ. ಅವರದೂ ಒಬ್ಬರು ಕುಂತು ಒಬ್ಬರು ನಿಂತು ಆಡಬಲ್ಲ ಜೋಡಿ! ಫೋನಿನಲ್ಲಿ ಹೇಳಿದ್ದೇ ತಡ, "ಬಾರೋ ಯಾರ್, ರವಿವಾರ ಹಮಾಲರೂ ಇರೂದಿಲ್ಲ. ಇಡೀ ಗೋದಾಮು ನಮ್ದ," ಅಂದ.

ರವಿವಾರ ಬೆಳಿಗ್ಗೆ ಟೆಂಪೋದಲ್ಲಿ ಕುರ್ಚಿ ಏರಿಸಿಕೊಂಡು ಬ್ಯಾಡಗಿಗೆ ಹೋದೆವು. ಥಂಡಿ ಕೋಣೆಯ ಬಾಗಿಲು ತೆಗೆದಾಗ ನನ್ನ ಎದೆ ಉಬ್ಬಿತು. ಅದೇ ಹಿಮಾಲಯ! ಎರಡು ಕೊಡ ನೀರು ತಂದು ನೆಲಕ್ಕೆ ಸುರಿದು, ಐಸ್ ಆಗುವುದನ್ನು ಕಾಯುತ್ತಾ ನಿಂತೆ. ಹತ್ತು ನಿಮಿಷ. ಇಪ್ಪತ್ತು ನಿಮಿಷ. ನನ್ನ ಹಲ್ಲು ಕಟಕಟ ಅನ್ನತೊಡಗಿದವು. ನೀರು ಮಾತ್ರ ನೀರಾಗಿಯೇ ಉಳಿಯಿತು.

"ಭಾಯಿಸಾಬ, ಇದು ಮೆಣಸಿನಕಾಯಿ ಕೆಡದಂಗ ಇಡೋ ಥಂಡಿ ರಿ. ಐಸ್ ಆಗೋ ಥಂಡಿ ಅಲ್ಲ," ಅಂದಳು ತಾಜಬಿ, ಸೆರಗು ಬಾಯಿಗೆ ಒತ್ತಿ ನಗುತ್ತಾ. "ಮೊದಲ ಹೇಳೋಣಂದ್ರ ನೀವ್ ಭಾಳ ಖುಷಿಯಾಗಿದ್ರಿ!"

ಸುರಿದ ನೀರನ್ನು ಒರೆಸಿದವನು ನಾನೇ.

ಹೊರಗೆ ಮಾಲು ಇಳಿಸುವ ದೊಡ್ಡ ಹಾಲ್ ಇತ್ತು. ನುಣ್ಣನೆಯ ನೆಲ, ಕನ್ನಡಿಯಂತೆ. ಮೂಲೆಯಲ್ಲಿ ಹಳೆಯ ತಕ್ಕಡಿಯ ಐದು ಕಿಲೋದ ತೂಕದ ಕಲ್ಲುಗಳು, ಕಬ್ಬಿಣದವು, ಮೇಲೆ ಹಿಡಿಕೆ ಇದ್ದವು. ನಾಗರತ್ನಾ ಅವನ್ನು ನೋಡಿದಳು. ಚೀಲದಿಂದ ಕೇರಂ ಪೌಡರಿನ ಡಬ್ಬಿ ತೆಗೆದು ತಾಜಬಿಯ ಕೈಗೆ ಕೊಟ್ಟಳು. ತಾಜಬಿ ನೆಲಕ್ಕೆ ಚಿಮುಕಿಸಿದಳು. ಮಕ್ತುಮಸಾಬ ಸೀಮೆಸುಣ್ಣದಿಂದ ಆ ತುದಿಗೆ ವರ್ತುಲ ಬರೆದ. ಅದಕ್ಕೆ 'ಮನಿ' ಎಂದು ನಾವೇ ಹೆಸರಿಟ್ಟೆವು.

ನಾಗರತ್ನಾ ಕುರ್ಚಿಯ ಗಾಲಿಗೆ ತಡೆ ಹಾಕಿ, ಗೋದಾಮಿನ ಉದ್ದನೆಯ ಕೋಲೊಂದನ್ನು ಕಲ್ಲಿನ ಹಿಡಿಕೆಗೆ ಒತ್ತಿ, ಒಂದು ಕಣ್ಣು ಮುಚ್ಚಿದಳು. ಕೇರಂನಲ್ಲಿ ನನ್ನ ರಾಣಿಯನ್ನು ಕಸಿಯುವ ಮುಂಚೆ ಮುಚ್ಚುತ್ತಾಳಲ್ಲ, ಹಾಗೆ. ಮೆಲ್ಲಗೆ ದೂಡಿದಳು. ಕಲ್ಲು ಸುಂಯ್ ಎಂದು ಹೋಯಿತು. ಅವಸರವಿಲ್ಲ, ಗದ್ದಲವಿಲ್ಲ. ಹೋಗಿ ಮನಿಯ ನಟ್ಟನಡುವೆ ನಿಂತಿತು.

ನಾಗರತ್ನಾಳ ಮುಖ ನೋಡಿದೆ. ಒಂಬತ್ತು ವರ್ಷದ ಸಂಸಾರದಲ್ಲಿ ಆ ಮುಖವನ್ನು ನಾನು ಕಂಡಿರಲಿಲ್ಲ. "ರೀ," ಅಂದಳು ಸಣ್ಣ ಧ್ವನಿಯಲ್ಲಿ, "ಇನ್ನೊಂದ ಕೊಡ್ರಿ."

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಕ್ಯಾಪ್ಟನ್ ಸುಮ್ಮನಿರಬಹುದೇ? ಈ ನಡುವೆ ಒಂದು ದಿನ ಟಿವಿಯಲ್ಲಿ ನಿಂತು ಆಡುವವರ ಕರ್ಲಿಂಗನ್ನೂ ನಾನು ನೋಡಿದ್ದೆ. ಅವರು ಜಾರುವ ಕಲ್ಲಿನ ಮುಂದೆ ಬ್ರಶ್ಶಿನಿಂದ ಗಸಗಸ ಉಜ್ಜುತ್ತಾರೆ. ಕಲ್ಲು ಇನ್ನೂ ದೂರ ಹೋಗುತ್ತದೆ. ಗೋದಾಮಿನ ದೊಡ್ಡ ಕಸಬರಿಗಿ ಕಣ್ಣಿಗೆ ಬಿತ್ತು. ನಾಗರತ್ನಾ ಎರಡನೇ ಕಲ್ಲು ದೂಡಿದ್ದೇ ತಡ, ಅದರ ಮುಂದೆ ಓಡುತ್ತಾ ಭರಭರ ಗುಡಿಸತೊಡಗಿದೆ!

"ಬ್ಯಾಡೋ! ಏ, ಗುಡಿಸಬ್ಯಾಡೋ!" ಎಂದು ಮಕ್ತುಮಸಾಬ ಕೂಗಿದ.

ಯಾಕೆ ಅಂತ ಆಮೇಲೆ ತಿಳಿಯಿತು. ಆ ಗೋದಾಮಿಗೆ ಆ ಸುಗ್ಗಿಯಲ್ಲಿ ಬಂದ ಅಷ್ಟೂ ಚೀಲದ ಮೆಣಸಿನ ಧೂಳು ಗೋಡೆಯಂಚಿಗೆ, ಕಂಬದ ಬುಡಕ್ಕೆ ಮಲಗಿತ್ತು. ನಾನು ಅದನ್ನು ಎಬ್ಬಿಸಿದ್ದೆ! ಕೆಂಪು ಮೋಡ ಎದ್ದಿತು. ಮೊದಲು ನಾನು ಸೀನಿದೆ. ಆಮೇಲೆ ತಾಜಬಿ. ಮಕ್ತುಮಸಾಬ ಸೀನಿದ ರಭಸಕ್ಕೆ ಊರುಗೋಲು ಒಂದು ಕಡೆ, ಅವನು ಖಾಲಿ ಚೀಲದ ರಾಶಿಯ ಮೇಲೊಂದು ಕಡೆ. ನಾಗರತ್ನಾ ಒಂದೊಂದು ಸೀನಿಗೂ, ಗಾಲಿಗೆ ತಡೆ ಹಾಕಿದ್ದರೂ, ಕುರ್ಚಿ ಸಮೇತ ಒಂದೊಂದು ಗೇಣು ಹಿಂದೆ ಹಿಂದೆ ಹೋಗುತ್ತಿದ್ದಳು!

ಅದೇ ಹೊತ್ತಿಗೆ ಬಾಗಿಲಲ್ಲಿ ಗೋದಾಮಿನ ಸಾವಕಾರ ಡಾಕಪ್ಪ ಪ್ರತ್ಯಕ್ಷನಾದ. ಬಿಳಿ ಧೋತರ, ಕೆಂಪು ಮುಖ.

"ಮಕ್ತುಮಾ! ಏನಿದು ನನ್ನ ಗೋದಾಮಿನ್ಯಾಗ? ನಾಳಿಂದ ನೀನು... ಆಕ್ಷೀ! ನಾಳಿಂದ ನೀನು ಕೆಲಸಕ್ಕ... ಆಕ್ಷೀ! ಆಕ್ಷೀ!"

ಮಕ್ತುಮಸಾಬನ ಮುಖ ಬಿಳಚಿತು. ನನ್ನ ಕಸಬರಿಗಿ ಕೈಯಿಂದ ಜಾರಿತು. ಗೆಳೆಯನ ಹನ್ನೆರಡು ವರ್ಷದ ನೌಕರಿ ನನ್ನ ಹುಚ್ಚಿಗೆ ಹೋಯಿತಲ್ಲ! ಡಾಕಪ್ಪನಿಗೆ ಮಾತ್ರ ಆ ವಾಕ್ಯ ಮುಗಿಸಲು ಸೀನು ಬಿಡುತ್ತಿಲ್ಲ. "ನಾಳಿಂದ" ಅಂತಾನೆ, ಸೀನುತ್ತಾನೆ. "ಕೆಲಸಕ್ಕ" ಅಂತಾನೆ, ಸೀನುತ್ತಾನೆ!

ನಾಗರತ್ನಾ ಸೆರಗಿನಿಂದ ಮೂಗು ಒರೆಸಿಕೊಂಡು ಕುರ್ಚಿ ದೂಡಿಕೊಂಡು ಹೋಗಿ ಅವನ ಎದುರು ನಿಲ್ಲಿಸಿದಳು. "ಸಾವಕಾರ್ರ, ತಪ್ಪು ನಮ್ಮ ಮನಿಯವರದು, ಅಣ್ಣಾರದಲ್ಲ. ಸಿಟ್ಟು ಆಮ್ಯಾಗ ಮಾಡ್ರಿ. ಮೊದಲ ಈ ಕೋಲು ಹಿಡ್ಕೊಂಡು ಆ ಕಲ್ಲ ಒಂದ ಸಲ ದೂಡ್ರಿ. ಅಲ್ಲಿ, ಆ ವರ್ತುಲದ ನಡುವ ನಿಲ್ಲಬೇಕು. ನಿಂತ್ರ ನಾವೆಲ್ಲ ಹೊಂಟಹೋಗ್ತೀವಿ."

"ಅದೇನ್ ದೊಡ್ಡದು?" ಅಂದ ಡಾಕಪ್ಪ. ದೂಡಿದ. ಕಲ್ಲು ಅರ್ಧ ದಾರಿಗೆ ನಿಂತಿತು. "ಇದು ಲೆಕ್ಕಕ್ಕಿಲ್ಲ," ಅಂದ. ಮತ್ತೆ ದೂಡಿದ. ಗೋಡೆಗೆ ಬಡಿಯಿತು. ಧೋತರ ಎತ್ತಿ ಕಟ್ಟಿದ. ಊಟಕ್ಕೆ ಬರ್ರಿ ಎಂದು ಮನೆಯಿಂದ ಎರಡು ಸಲ ಕರೆ ಬಂತು; ಹೋಗಲಿಲ್ಲ. ಮೂರು ಗಂಟೆಗೆ ಕಡೆಗೂ ಒಂದು ಕಲ್ಲು ಮನಿ ಸೇರಿದಾಗ ಅವನು ಹಾಕಿದ ಕೇಕೆ ಮಾರುಕಟ್ಟೆ ತನಕ ಕೇಳಿರಬೇಕು. "ಮಕ್ತುಮಾ, ನಾಳಿಂದ ನೀನು ಕೆಲಸಕ್ಕ ಲಗೂ ಬಾ. ಮುಂಜಾನೆ ಒಂದ ಆಟ ಆಡೋಣ!" ಅಂದ. ವಾಕ್ಯ ಮುಗಿಯಿತು. ನಾವೂ ಉಸಿರುಬಿಟ್ಟೆವು.

ಆಮೇಲಿನ ಐದು ರವಿವಾರವೂ ಬ್ಯಾಡಗಿಯಲ್ಲೇ ತಾಲೀಮು. ನನಗೆ ಎರಡು ಕರಾರು: ಕಸಬರಿಗಿ ಮುಟ್ಟಬಾರದು, ಕ್ಯಾಪ್ಟನ್ ಅನ್ನಬಾರದು.

ಮೇ ತಿಂಗಳಲ್ಲಿ ಹಾವೇರಿಯ ಕಲ್ಯಾಣ ಮಂಟಪದಲ್ಲಿ ಪಂದ್ಯ. ನೆಲ ನುಣ್ಣಗಿತ್ತು. ಐಸಿನ ಬಗ್ಗೆ ಕಾರ್ಯದರ್ಶಿ ಕೇಳಿದಾಗ, "ಇದು ನಮ್ಮ ಜಿಲ್ಲೆಯ ಒಣ ಐಸ್ ರಿ," ಎಂದು ಪೌಡರಿನ ಡಬ್ಬಿ ತೋರಿಸಿದೆ. ಸುತ್ತ ಮುನ್ನೂರು ಜನ. ಗಾಲಿಕುರ್ಚಿಯವರು ಈ ಸಲ ಮುಂದಿನ ಸಾಲಿನಲ್ಲಿ, ಕತ್ತು ಚಾಚಿ. ಒಂದು ಕಡೆ ನಾನು ಮತ್ತು ನಾಗರತ್ನಾ, ಇನ್ನೊಂದು ಕಡೆ ಮಕ್ತುಮಸಾಬ ಮತ್ತು ತಾಜಬಿ. ಜೋಡಿಗೆ ನಾಲ್ಕು ಕಲ್ಲು; ಒಂದು ಸಲ ಅವರು, ಒಂದು ಸಲ ನಾವು. ಗುರುತಿಗೆ ನಮ್ಮ ಕಲ್ಲಿಗೆ ಹಳದಿ, ಅವರದಕ್ಕೆ ಹಸಿರು ರಿಬ್ಬನ್ನು.

ಏಳು ಕಲ್ಲು ಮುಗಿದವು. ನಾಗರತ್ನಾಳ ಹಳದಿ ಕಲ್ಲು ಮನಿಯ ನಟ್ಟನಡುವೆ. ತಾಜಬಿಯ ಹಸಿರು ಕಲ್ಲು ಅಲ್ಲಿಂದ ಒಂದು ಗೇಣು ದೂರ. ಮಕ್ತುಮಸಾಬನ ದಾರಿತಪ್ಪಿದ ಒಂದು ಕಲ್ಲು ಎಡಗಡೆಯ ಅಂಚಿನಲ್ಲಿ. ಮಿಕ್ಕವೆಲ್ಲ ವರ್ತುಲದ ಹೊರಗೆ. ಉಳಿದದ್ದು ಒಂದೇ ಕಲ್ಲು, ನನ್ನದು!

ನಾಗರತ್ನಾ ನನ್ನ ತೋಳು ಹಿಡಿದು ಎಳೆದು ಕಿವಿಯಲ್ಲಿ ಹೇಳಿದಳು: "ಆಟ ಆಗಲೇ ನಮ್ದೈತಿ. ನೀವು ಏನೂ ಮಾಡಬ್ಯಾಡ್ರಿ. ಎಡಕ್ಕ, ಹೊರಗ, ಗಟ್ಟಿಯಾಗಿ ದೂಡಿಬಿಡ್ರಿ. ಎದಕ್ಕೂ ತಾಗಬಾರದು. ತಪ್ಪಬೇಕು ಅಷ್ಟ. ನಿಮಗ ಬರೋದ ಅದ ಅಲ್ಲೇನು?"

ನನ್ನ ಅಭಿಮಾನ ಒಮ್ಮೆ ಹೆಡೆ ಎತ್ತಿತು. ಆದರೆ ಅವಳ ಮುಖ ನೋಡಿ ತಣ್ಣಗಾದೆ. "ಹೂಂ," ಅಂದೆ. ಎಡಕ್ಕೆ, ಹೊರಕ್ಕೆ, ಗಟ್ಟಿಯಾಗಿ, ಪ್ರಾಮಾಣಿಕವಾಗಿ ದೂಡಿದೆ.

ಕಲ್ಲು ಎಡಕ್ಕೇ ಹೋಯಿತು. ಅಂಚಿನಲ್ಲಿದ್ದ ಮಕ್ತುಮಸಾಬನ ಕಲ್ಲಿಗೆ ಠಣ್ ಎಂದು ತಾಗಿತು. ಅಲ್ಲಿಂದ ಬಾಣದಂತೆ ತಿರುಗಿ ಮನಿಯೊಳಗೆ ನುಗ್ಗಿ ನಾಗರತ್ನಾಳ ಕಲ್ಲಿಗೆ ಬಡಿಯಿತು. ಎರಡೂ ಹಳದಿ ಕಲ್ಲುಗಳು ಕೈ ಕೈ ಹಿಡಿದುಕೊಂಡಂತೆ ಮನಿ ಬಿಟ್ಟು ಹೊರಗೆ ಹೋದವು!

ಮಂಟಪವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಿಳ್ಳೆ ಬಿದ್ದವು. ಏನು ಗುರಿ! ಏನು ಕೈಚಳಕ! ನಾನು ಎರಡೂ ಕೈ ಜೋಡಿಸಿ ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದೆ. ಐದನೇ ನಮಸ್ಕಾರ ಮಾಡುವಾಗ ಮೈಕಿನಲ್ಲಿ ಕೇಳಿಸಿತು: "ಗೆದ್ದವರು, ಬ್ಯಾಡಗಿಯ ಮಕ್ತುಮಸಾಬ ಮತ್ತು ತಾಜಬಿ!"

ಹೆದರುತ್ತಾ ನಾಗರತ್ನಾಳ ಕಡೆ ತಿರುಗಿದೆ. ಅವಳು ಕುರ್ಚಿಯ ಕೈ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. "ಒಂಬತ್ತು ವರ್ಷದಾಗ ಒಮ್ಮೆ ನನ್ನ ಮಾತು ಕೇಳಿದ್ರಿ," ಅಂದಳು. "ಇನ್ನ ಮ್ಯಾಲೆ ಕೇಳಬ್ಯಾಡ್ರಿ!"

ಅಷ್ಟರಲ್ಲಿ ಮುಂದಿನ ಸಾಲಿನ ಗಾಲಿಕುರ್ಚಿಗಳೆಲ್ಲ ಆಟದ ನೆಲಕ್ಕೆ ಬಂದು ಕೋಲಿಗಾಗಿ ಸಾಲು ಹಚ್ಚಿದ್ದವು. ನಾಗರತ್ನಾ ಒಬ್ಬೊಬ್ಬರಿಗೂ ಕೋಲು ಹಿಡಿಯುವುದನ್ನು ತೋರಿಸತೊಡಗಿದಳು. ಯಾರಿಗೂ ಸ್ಟೀಲ್ ಡಬ್ಬಿಯ ನೆನಪಾಗಲಿಲ್ಲ. ಮುಂದಿನ ವರ್ಷದಿಂದ ಇದು ಪ್ರದರ್ಶನವಲ್ಲ, ಸ್ಪರ್ಧೆ ಎಂದು ಕಾರ್ಯದರ್ಶಿ ಸಾರಿದರು. ಜೋಡಿಗಳ ಹೆಸರನ್ನು ಅಲ್ಲೇ ಬರೆದುಕೊಳ್ಳತೊಡಗಿದರು. ನಾನು ಜನರನ್ನು ಸರಿಸಿಕೊಂಡು ಮುಂದೆ ಹೋದೆ.

"ಬರಕೊಳ್ರಿ! ಮೊದಲನೇ ಜೋಡಿ: ಯುವರಾಜ ಮತ್ತು ನಾಗರತ್ನಾ!"

ಕಾರ್ಯದರ್ಶಿ ಪುಸ್ತಕ ನೋಡಿ ಕನ್ನಡಕ ಸರಿಪಡಿಸಿಕೊಂಡರು. "ಅವ್ವಾರ ಹೆಸರು ಆಗಲೇ ಬರದೈತ್ರಿ. ನಾಗರತ್ನಾ ಮತ್ತು ತಾಜಬಿ."

ಕುರ್ಚಿ ದೂಡಿಕೊಂಡು ನಾಗರತ್ನಾ ಬಂದಳು, ಹಿಂದೆ ತಾಜಬಿ.

"ನಾಗೂ, ಜೋಡಿ ಅಂದ್ರ ನಾವು ಅಲ್ಲೇನು?"

"ಜೋಡಿ ಆಟ ಅಂತ ಬರದಾರ್ರಿ. ಗಂಡ ಹೆಂಡ್ತಿ ಆಟ ಅಂತ ಎಲ್ಲಿ ಬರದಾರ?" ಅಂದಳು. ಆಮೇಲೆ ನನ್ನ ಮುಖ ಬಾಡಿದ್ದು ಕಂಡು ಕೈ ಹಿಡಿದು ಸಮಾಧಾನ ಮಾಡಿದಳು: "ಸಂಸಾರಕ್ಕ ನೀವ ಇರ್ರಿ, ಅದನ್ನೇನ್ ನಾ ಬದಲಿ ಮಾಡೂದಿಲ್ಲ. ಆಟಕ್ಕ ಅಷ್ಟ ನನಗ ಗೆಲ್ಲೋ ಜೋಡಿ ಬೇಕಾಗೈತಿ!"